ಆರೋಪಿಗೆ ವಕೀಲ ಬೇಡವೆನ್ನುವ ಶ್ರಾವಕರಿಗೆ

ಕಳ್ಳನಿಗೆ, ಕೊಲೆಗಾರನಿಗೆ ವಕೀಲನೇಕೆ ಎಂಬ ಪ್ರಶ್ನೆ ಇಂದು ಬೀದಿಯಲ್ಲಿ ಮಾತ್ರವಲ್ಲ, ಬಸದಿಯ ಅಂಗಳದಲ್ಲಿಯೂ ಕೇಳಿಬರುತ್ತಿದೆ. ಅಹಿಂಸೆಯೇ ಪರಮಧರ್ಮವೆಂದು ನಿತ್ಯ ನುಡಿಯುವ ನಾವು ಹೀಗೆ ಕೇಳುವುದು ಧರ್ಮಕ್ಕೂ ಸಲ್ಲದು, ದೇಶದ ಕಾನೂನಿಗೂ ಸಲ್ಲದು. ಸಮಾಜಬಾಂಧವರಿಗೆ ಕಹಿಯೆನಿಸಿದರೂ ಈ ಮಾತನ್ನು ಹೇಳಲೇಬೇಕಾಗಿದೆ.

ಅತ್ಯಂತ ಕಠಿಣವಾದ ಉದಾಹರಣೆಯನ್ನೇ ಮೊದಲು ತೆಗೆದುಕೊಳ್ಳೋಣ. 2023ರ ಜುಲೈ ತಿಂಗಳಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ನಾಡಿನ ಜೈನಸಮಾಜವೆಲ್ಲ ಬೀದಿಗಿಳಿದು ದುಃಖವನ್ನು ತೋಡಿಕೊಂಡಿತು, ಅದು ಯುಕ್ತವೇ. ಸರಿಯಾದ ತನಿಖೆಯನ್ನು ಬೇಡಿದ್ದೂ ಯುಕ್ತವೇ. ಆದರೆ ವಿಚಾರಣೆಯ ಗೊಡವೆಯೇ ಬೇಡ, ಸಿಕ್ಕಿದವರನ್ನು ಅಲ್ಲಿಯೇ ಮುಗಿಸಿಬಿಡಲಿ ಎಂದು ನಮ್ಮವರೇ ಕೆಲವರು ಆಡಿದ ಮಾತು ಯಾವ ಆಗಮಕ್ಕೆ ಹೊಂದುತ್ತದೆ? ಮುನಿಗಳು ಜೀವಮಾನವಿಡೀ ಪಾಲಿಸಿದ ವ್ರತವನ್ನು ಮುರಿದು ಅವರಿಗೆ ಗೌರವ ಸಲ್ಲಿಸುವುದು ಹೇಗೆ?

ಪೊಲೀಸರು ಹಿಡಿದ ಮಾತ್ರಕ್ಕೆ ಅವನು ಅಪರಾಧಿಯೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಕೊಡಗಿನ ಕುಶಾಲನಗರ ಭಾಗದ ಒಬ್ಬ ಬಡ ಬುಡಕಟ್ಟು ಕಾರ್ಮಿಕನ ಪ್ರಕರಣವನ್ನು ಪತ್ರಿಕೆಗಳಲ್ಲಿ ಓದಿರಬಹುದು. ಪತ್ನಿಯನ್ನು ಕೊಂದನೆಂಬ ಆರೋಪದ ಮೇಲೆ ಆತ ಒಂದು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಪತ್ನಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಾಣಿಸಿಕೊಂಡಳು! ಮೈಸೂರಿನ ನ್ಯಾಯಾಲಯ ಅವನನ್ನು ದೋಷಮುಕ್ತಗೊಳಿಸಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ವಕೀಲನಿಲ್ಲದೆ, ವಿಚಾರಣೆಯಿಲ್ಲದೆ ಅವನನ್ನು ಮುಗಿಸಿದ್ದರೆ ಆ ಪಾಪ ಯಾರ ಪಾಲಿಗೆ?

ಇನ್ನು ಶಾಸ್ತ್ರವನ್ನು ನೋಡೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಕ್ಕೆ ಊನ ಮಾಡುವುದು, ಹೊರಲಾರದ ಭಾರ ಹೇರುವುದು, ಅನ್ನನೀರು ತಡೆಯುವುದು. ಠಾಣೆಯ ಹಿಂಗೋಣೆಯಲ್ಲಿ ಬಾಯಿ ಬಿಡಿಸುವ ಕ್ರಮವೆಂದು ಜನರು ಹೇಳುವುದು ಇವುಗಳಲ್ಲದೆ ಬೇರೆ ಏನು? ಗೋವನ್ನು ಬಡಿಯಲು ಒಪ್ಪದ ಶ್ರಾವಕ ಮನುಷ್ಯನನ್ನು ಬಡಿಸಲು ಫೋನು ಮಾಡುತ್ತಾನೆಂದರೆ ಅವನ ವ್ರತದ ಗತಿಯೇನು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಕಣ್ಣಾರೆ ಕಾಣದ್ದನ್ನು ಕಂಡಂತೆ ದೂರಿನಲ್ಲಿ ಬರೆಸುವುದೂ ಆ ದೋಷಕ್ಕೆ ಸೇರಿದ್ದೇ.

ನಮ್ಮ ಸಂವಿಧಾನವೂ ಇದನ್ನೇ ವಿಧಿಸಿದೆ. ಬಂಧಿತನಿಗೆ ಕಾರಣ ತಿಳಿಸಬೇಕು, ಅವನು ಆರಿಸಿದ ವಕೀಲನ ನೆರವು ದೊರೆಯಬೇಕು, 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು ಎಂಬುದು 22ನೆಯ ವಿಧಿ. ಬಂಧನದ ವೇಳೆ ಪಾಲಿಸಬೇಕಾದ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಒಂದೊಂದಾಗಿ ಹೇಳಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲವೆಂಬ 1872ರ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಇವೆಲ್ಲ ಕಾಗದದ ಮೇಲಿನ ಅಕ್ಷರಗಳು. ಇವನ್ನು ಜೀವಂತವಾಗಿಡುವವನು ಆರೋಪಿಯ ವಕೀಲ. ಅವನು ಅಪರಾಧವನ್ನು ಸಮರ್ಥಿಸುವವನಲ್ಲ, ರುಜುವಾತು ಎಲ್ಲಿದೆ ಎಂದು ಕೇಳುವವನು.

ಆದರೆ ಕೆಲವೊಮ್ಮೆ ವಕೀಲರೇ ಇದನ್ನು ಮರೆಯುತ್ತಾರೆ. 2020ರಲ್ಲಿ ಹುಬ್ಬಳ್ಳಿಯ ವಕೀಲರ ಸಂಘ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಾದಿಸಬಾರದೆಂದು ನಿರ್ಣಯಿಸಿದಾಗ ನಮ್ಮ ಉಚ್ಚ ನ್ಯಾಯಾಲಯ ಅದನ್ನು ತೀವ್ರವಾಗಿ ಆಕ್ಷೇಪಿಸಿತು. ಇಂಥ ನಿರ್ಣಯಗಳು ಶೂನ್ಯವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ಸಾರಿತ್ತು. ಇದು ಅನೇಕಾಂತದ ನಾಡಭಾಷೆಯ ರೂಪವಲ್ಲವೇ? ಒಂದು ನಯವನ್ನಷ್ಟೇ ಹಿಡಿದು ತೀರ್ಪು ಕೊಡುವುದು ಏಕಾಂತ. ವ್ಯಾಪಾರಿಗಳಿಗೆ ತಿಳಿಯುವಂತೆ ಹೇಳುವುದಾದರೆ, ಖರ್ಚಿನ ಪುಟವನ್ನು ಮಾತ್ರ ನೋಡಿ ಜಮೆಯ ಪುಟವನ್ನು ತೆರೆಯದೆ ಅಂಗಡಿ ದಿವಾಳಿಯೆಂದು ಸಾರಿದಂತೆ.

ಅಪರಾಧಿಗಳು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಕೇಳುವವರುಂಟು. ಕೆಲವರು ತಪ್ಪಿಸಿಕೊಳ್ಳುತ್ತಾರೆ, ನಿಜ. ಅದಕ್ಕೆ ಮದ್ದು ಒಳ್ಳೆಯ ತನಿಖೆಯೇ ಹೊರತು ವಕೀಲನಿಲ್ಲದ ವಿಚಾರಣೆಯಲ್ಲ. ಬಾಯಿ ಬಿಡಿಸಿದ ಸುಳ್ಳಿನಿಂದ ನಿಜವಾದ ಕಳ್ಳನಿಗೇ ಲಾಭ. ಅವನನ್ನು ಹುಡುಕುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಇತ್ತ ತೀರ್ಪಿಗಾಗಿ ಕಾಯುವವರ ಲೆಕ್ಕ ನೋಡಿ: 2022ರ ಅಂತ್ಯಕ್ಕೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು!

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇದು ದೂರದ ಮಾತಲ್ಲ. ಅಂಗಳದ ಅಡಿಕೆ ಕಳುವಾದರೆ ಮೊದಲ ಅನುಮಾನ ತೋಟದ ಆಳಿನ ಮೇಲೆ; ಬಸದಿಯ ಹುಂಡಿ ಒಡೆದರೆ ಕಾವಲುಗಾರನ ಮೇಲೆ. ಜಾಮೀನು ಮಂಜೂರಾದರೂ ಪಹಣಿ ತೋರಿಸುವ ಜಾಮೀನುದಾರ ಸಿಗದೆ ಭೂಮಿಯಿಲ್ಲದವನು ಒಳಗೇ ಉಳಿಯುತ್ತಾನೆ. ಎಕರೆಗಟ್ಟಲೆ ಪಹಣಿಯಿರುವ ನಾವು ಅವನಿಗಾಗಿ ಸಹಿ ಹಾಕಿದ್ದೇವೆಯೇ?

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ಆಗ್ರಹ ಇಷ್ಟು. ಕಳವಾದರೆ ಕಂಡದ್ದನ್ನು ಮಾತ್ರ ದೂರಿನಲ್ಲಿ ಬರೆಯಿರಿ. ಅನುಮಾನವನ್ನು ಅನುಮಾನವೆಂದೇ ಬರೆಯಿರಿ. ಯಾರನ್ನೂ ಕಟ್ಟಬೇಡಿ, ಹೊಡೆಯಬೇಡಿ, ಹೊಡೆಸಬೇಡಿ. ನೌಕರನನ್ನು ಠಾಣೆಗೆ ಕರೆದರೆ ಅವನ ಮನೆಯವರಿಗೆ ತಿಳಿಸಿರಿ. ಮೂರೂ ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. 1987ರ ಕಾಯಿದೆಯಂತೆ ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲನ ನೆರವು ಪಡೆಯುವ ಹಕ್ಕಿದೆ. 15100 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆಸಿರಿ. ಆಹಾರ, ಔಷಧ, ಶಾಸ್ತ್ರದಾನಗಳಿಗೆ ನಮ್ಮಲ್ಲಿ ನಿಧಿಗಳಿವೆ. ನಾಲ್ಕನೆಯದಾದ ಅಭಯದಾನಕ್ಕೆ ಎಲ್ಲಿದೆ? ಬಡ ಆರೋಪಿಗೆ ಜಾಮೀನು ನಿಲ್ಲುವುದು, ವಕೀಲನನ್ನು ಒದಗಿಸುವುದು ಅಭಯದಾನವೇ ಸರಿ. ಈ ವರ್ಷದ ಮಹಾಸಭೆಯಲ್ಲಿ ಅದಕ್ಕೊಂದು ನಿಧಿಯನ್ನು ತೆರೆಯುವ ನಿರ್ಣಯವನ್ನು ಯಾವ ಮಂಡಳಿ ಮೊದಲು ಮಾಡುತ್ತದೆಯೋ ನೋಡೋಣ.