ಕೋಟೆ ಗೋಡೆ ಮೇಲೆ ನನ್ನ ಹೆಸರು

ಬಾದಾಮಿಯ ಉತ್ತರದ ಬೆಟ್ಟದ ಮೇಲಿನ ಕೋಟೆ ಗೋಡೆಯೊಂದರ ಮೇಲೆ ನನ್ನ ಹೆಸರಿದೆ. ಎಂಟನೇ ಕ್ಲಾಸಿನ ಟ್ರಿಪ್‌ನಲ್ಲಿ ಕೈವಾರದ ಮುಳ್ಳಿನಿಂದ ಕೆತ್ತಿದ್ದು. ಮರಳುಗಲ್ಲು ನೋಡಿ, ಐದೇ ನಿಮಿಷದ ಕೆಲಸ.

ಹೋದ ತಿಂಗಳು ಬೆಂಗಳೂರಿನಿಂದ ಊರಿಗೆ ಹೋದಾಗ ಅಣ್ಣನ ಮಗಳನ್ನು ಕರೆದುಕೊಂಡು ಬೆಟ್ಟ ಹತ್ತಿದೆ. ದಿನವಿಡೀ ಲ್ಯಾಪ್‌ಟಾಪ್ ನೋಡುವ ಕಣ್ಣಿಗೆ ಬದಲಾವಣೆ ಇರಲಿ ಅಂತ ಎರಡು ವರ್ಷದಿಂದ ವಾಟರ್‌ಕಲರ್ ಹಚ್ಚಿಕೊಂಡಿದ್ದೇನೆ. ಇಬ್ಬರೂ ಪ್ಯಾಡ್ ತೆಗೆದು ಕಾವಲು ಗೋಪುರದ ಎದುರು ಕುಳಿತೆವು.

ಫೋಟೋ ತೆಗೆಯಲು ಒಂದು ಸೆಕೆಂಡ್ ಸಾಕು. ಚಿತ್ರಕ್ಕೆ ಎರಡು ತಾಸು ಬೇಕು. ಆ ಎರಡು ತಾಸಿನಲ್ಲಿ ಪಾಪು ಬರೀ ಪ್ರಶ್ನೆ ಕೇಳಿದಳು. ಗೋಪುರ ಯಾಕೆ ಅಂಚಿಗೇ ಇದೆ? ಇಷ್ಟು ದೊಡ್ಡ ಕಣಜ ಯಾಕೆ? ಮುತ್ತಿಗೆ ಬಿದ್ದರೆ ತಿಂಗಳುಗಟ್ಟಲೆ ಒಳಗೇ ಇರಬೇಕಲ್ಲ ಎಂದೆ. ಹಾಗೆಯೇ ಕಥೆ ಶುರುವಾಯಿತು. 543ರಲ್ಲಿ ಒಂದನೇ ಪುಲಕೇಶಿ ಈ ಬೆಟ್ಟವನ್ನು ಕೋಟೆ ಮಾಡಿದ್ದಾಗಿ ಬಂಡೆ ಮೇಲೆ ಶಾಸನ ಬರೆಸಿದ. 642ರಲ್ಲಿ ಪಲ್ಲವರ ನರಸಿಂಹವರ್ಮ ಊರು ಗೆದ್ದು, ಕೆಳಗಿನ ಬಂಡೆ ಮೇಲೆ ತನ್ನದನ್ನೂ ಬರೆಸಿದ. 1786ರಲ್ಲಿ ಮರಾಠರು ಮತ್ತು ನಿಜಾಮರು ಟಿಪ್ಪುವಿನ ಕಾವಲು ಪಡೆಯಿಂದ ಇದನ್ನು ಕಿತ್ತುಕೊಂಡರು. 1818ರಲ್ಲಿ ಮನ್ರೋ ಬಂದ. ಎದುರಿನ ಬೆಟ್ಟದಲ್ಲಿ 578ರ ಮೂರನೇ ಗುಹೆ. ಅಲ್ಲಿನ ಬಣ್ಣದ ಚಿತ್ರಗಳು ಬಹುತೇಕ ಅಳಿಸಿವೆ. ಹಿಂದೆ ಜೆ.ಎಂ. ಅಹಿವಾಸಿ ಎಂಬ ಕಲಾವಿದರು ಅವುಗಳ ನಕಲು ತೆಗೆದರು. ಕಲ್ಲು ಕಳೆದುಕೊಂಡದ್ದನ್ನು ಹೀಗೆ ಕಾಗದವೂ ಕಾಯಬಲ್ಲದು.

ಚಿತ್ರ ಮುಗಿಸಿ ನನ್ನ ಗೋಡೆ ಹತ್ತಿರ ಹೋದೆವು. ಅದನ್ನೂ ಬರೆದೆ, ಹೆಸರು ಬಿಟ್ಟು. ಪಾಪು ನನ್ನ ಹಾಳೆ ನೋಡಿ, ಗೋಡೆ ನೋಡಿ ಕೇಳಿದಳು:

"ಕಾಕಾ, ಆ ಹೆಸರು ಯಾಕ ಬಿಟ್ಟಿ? ಅದು ನಿಂದಲ್ಲೇನ?"

"ಚಂದ ಕಾಣಂಗಿಲ್ಲವ್ವಾ," ಎಂದೆ.

"ರಾಜರು ಬರಸಿದ್ದು ಶಾಸನ. ನೀ ಬರದಿದ್ದು ಏನು?"

ಉತ್ತರ ಇರಲಿಲ್ಲ. ರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಕಾನೂನಿದೆ. ಅದನ್ನು ಹೇಳಿ ಹೆದರಿಸುವುದು ಸುಲಭವಿತ್ತು. ಆದರೆ ಎಂಟನೇ ಕ್ಲಾಸಿನಲ್ಲಿ ನನಗೆ ಬೇಕಾಗಿದ್ದು ಹೆದರಿಕೆ ಅಲ್ಲ. ಆ ಗೋಡೆ ಏನನ್ನು ಕಂಡಿದೆ ಅಂತ ಯಾರಾದರೂ ಹೇಳಬೇಕಿತ್ತು, ಎರಡು ತಾಸು ಅದರ ಮುಂದೆ ಕೂರಿಸಬೇಕಿತ್ತು.

ಕುಂಚ ಮತ್ತೆ ನೀರಿಗೆ ಅದ್ದಿ ನನ್ನ ಹೆಸರನ್ನೂ ಚಿತ್ರದಲ್ಲಿ ಬರೆದೆ, ಕೈವಾರದ ಸೊಟ್ಟ ಅಕ್ಷರಗಳಲ್ಲೇ. ಈಗ ಆ ಚಿತ್ರ ನಮ್ಮ ಮನೆ ಪಡಸಾಲೆಯಲ್ಲಿದೆ. ಬಂದವರು ಕೇಳುತ್ತಾರೆ, ನಾನು ಹೇಳುತ್ತೇನೆ.

ನೀವೂ ಊರಿಗೆ ಹೋದಾಗ ಮನೆಯ ಮಕ್ಕಳ ಕೈಗೆ ಒಂದು ಪೆನ್ಸಿಲ್, ಒಂದು ಹಾಳೆ ಕೊಡಿ. ಹೆಸರು ಬರೆಯಲು ಹಾಳೆಯ ಮೂಲೆಯಲ್ಲಿ ಜಾಗ ಇದ್ದೇ ಇರುತ್ತದೆ.