‘ಕ’ ಅಂದರೆ 3221

ಮಕ್ಕಳೇ, ಮನೆಯಲ್ಲಿ ಚೆಕ್ ಪುಸ್ತಕ ಇದ್ದರೆ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ಒಂದು ಹಾಳೆ ನೋಡಿ. ಕೆಳಗಿನ ಬಿಳಿ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳಿರುತ್ತವೆ. ಅವುಗಳಲ್ಲಿ ಒಂಬತ್ತು ಅಂಕಿಯ ಒಂದು ಗುಂಪಿದೆ: ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಬೆಂಗಳೂರಾದರೆ 560. ಯಾವ ಬ್ಯಾಂಕಿನ ಚೆಕ್ಕಾದರೂ ಸರಿ, ಎಲ್ಲರ ಯಂತ್ರವೂ ಓದುತ್ತದೆ. ಬ್ಯಾಂಕಿಗೊಂದು ಬಗೆಯ ಅಂಕಿ ಇದ್ದಿದ್ದರೆ ನಾವು ಗುಮಾಸ್ತರು ರಾತ್ರಿ ಊಟಕ್ಕೂ ಮನೆ ಸೇರುತ್ತಿರಲಿಲ್ಲ!

ಕಂಪ್ಯೂಟರಿನ ಕನ್ನಡಕ್ಕೆ ಈ ಭಾಗ್ಯ ಬಳಕೆಗೆ ಬಂದದ್ದು ತಡವಾಗಿ. ಕಂಪ್ಯೂಟರಿಗೆ ಗೊತ್ತಿರುವುದು ನಂಬರು ಮಾತ್ರ, ಅಕ್ಷರವಲ್ಲ. 1990ರ ದಶಕದಲ್ಲಿ ಕನ್ನಡ ತಂತ್ರಾಂಶ ಮಾರುತ್ತಿದ್ದವರು ಇಂಗ್ಲಿಷ್ ಅಕ್ಷರಗಳ ನಂಬರುಗಳಿಗೇ ಕನ್ನಡದ ವೇಷ ತೊಡಿಸುತ್ತಿದ್ದರು. ಆ ವೇಷವೇ ಫಾಂಟು. ಒಬ್ಬರ ವೇಷ ಇನ್ನೊಬ್ಬರಿಗೆ ಹೊಂದದು. ಕೆಲವು ತಂತ್ರಾಂಶಗಳಿಗೆ ಡಾಂಗಲ್ ಎಂಬ ಬೀಗ ಬೇರೆ. ಕಂಪ್ಯೂಟರಿನ ಹಿಂದೆ ಅದನ್ನು ಸಿಕ್ಕಿಸದಿದ್ದರೆ ಕೆಲಸವೇ ಇಲ್ಲ. ದುಡ್ಡು ಕೊಟ್ಟು ಬರೆಸಿದವರು ನಾವು, ಬೀಗದ ಕೈ ಅವರ ಹತ್ತಿರ.

ನಮ್ಮಕ್ಕ 1999ರಲ್ಲಿ ಅಮ್ಮನ ಬಾಯಿಂದ ಕೇಳಿ ಹಸೆಗೆ ಕರೆಯುವ ಹಾಡುಗಳನ್ನು ಬರೆದುಕೊಂಡು, ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ್ದಳು. ಅಮ್ಮ ಹೋದರು, ಅಂಗಡಿ ಮುಚ್ಚಿತು, ಕಾಗದ ಗೆದ್ದಲಿನ ಪಾಲಾಯಿತು. ಸಿಡಿಯಲ್ಲಿ ಫೈಲು ಉಳಿದಿದೆ. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀಟು, ಚುಕ್ಕಿ. ಮೊಮ್ಮಗ ಅದನ್ನು ಪರಿವರ್ತಕ ತಂತ್ರಾಂಶಕ್ಕೆ ಹಾಕಿದ. ಕನ್ನಡವೇನೋ ಬಂತು, ಒತ್ತಕ್ಷರಗಳು ಅದಲುಬದಲು. ಅಕ್ಕ ಒಂದೊಂದು ಸಾಲನ್ನೂ ಹಾಡಿಕೊಂಡು ತಿದ್ದುತ್ತಿದ್ದಾಳೆ. ನೆನಪಿಗೆ ಬಾರದ ಸಾಲುಗಳು ಹಾಗೇ ಇವೆ.

ಚೆಕ್ಕಿನ ಅಂಕಿಯಂತೆ ಎಲ್ಲರಿಗೂ ಒಂದೇ ಆದ ಪಟ್ಟಿ ಯುನಿಕೋಡ್. ಅದರಲ್ಲಿ ‘ಅ’ 3205, ‘ಕ’ 3221, ‘ಖ’ 3222. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೂ ಹತ್ತಾರು ವರ್ಷ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಹಳೆಯ ಫಾಂಟುಗಳಲ್ಲೇ ಉಳಿದವು. ಯಂತ್ರಗಳು ಸಿದ್ಧವಿರಲಿಲ್ಲ ಎನ್ನುವುದು ಅರ್ಧ ಕಾರಣ. ಗಿರಾಕಿ ಬಿಟ್ಟುಹೋಗದಂತೆ ಕಟ್ಟಿಹಾಕಿದ್ದವರಿಗೆ ಅವಸರವೂ ಇರಲಿಲ್ಲ ಎಂದು ನನ್ನ ಗುಮಾನಿ.

ನಿಮ್ಮ ಮನೆಯಲ್ಲೂ ಅಂಥ ಹಳೆಯ ಫೈಲು ಇದ್ದೀತು: ವಂಶಾವಳಿ, ಅಡುಗೆ ಪಟ್ಟಿ, ತಾತನ ಪತ್ರ. ಒಂದು ಸಾಲನ್ನು ಕಾಪಿ ಮಾಡಿ ಮೊಬೈಲಿಗೆ ಮೆಸೇಜು ಕಳಿಸಿ ನೋಡಿ. ಕನ್ನಡವಾಗಿಯೇ ಬಂದರೆ ಅದು ಯುನಿಕೋಡ್. ಬಾರದಿದ್ದರೆ ಆ ಫಾಂಟಿನ ಹೆಸರನ್ನು ಬರೆದಿಟ್ಟುಕೊಳ್ಳಿ. ಪರಿವರ್ತಕ ಹುಡುಕಲು ಅದು ಬೇಕು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು, ಅದರಲ್ಲಿ ಅಕ್ಷರ ಸರಿಯಾಗಿ ಕಾಣುತ್ತಿರುವಾಗಲೇ, ಒಂದು ಪ್ರಿಂಟ್ ತೆಗೆದಿಡಿ.