ಬಣ್ಣ ತೆಗೆದರೆ ಮರೆಯಾಗುವ ಸೂರ್ಯ

ಚಿತ್ರವೊಂದರ ಮುಂದೆ ನಿಂತೊಡನೆ ‘ಇದರ ಅರ್ಥವೇನು?’ ಎಂದು ಕೇಳುವುದು ನಮ್ಮಲ್ಲಿ ಅನೇಕರ ರೂಢಿ. ಅದಕ್ಕೆ ಮುನ್ನ ‘ಕಣ್ಣಿಗೆ ಇಲ್ಲಿ ಏನಾಗುತ್ತಿದೆ?’ ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಪ್ರಸಿದ್ಧವಾದ ಒಂದು ಚಿತ್ರದಿಂದ ಇದನ್ನು ವಿಶದಪಡಿಸಬಹುದು.

ಫ್ರಾನ್ಸಿನ ಕ್ಲೋಡ್ ಮೊನೆ ಲ ಆವ್ರ್ ಬಂದರಿನ ಮುಂಜಾವನ್ನು ‘ಇಂಪ್ರೆಷನ್, ಸೂರ್ಯೋದಯ’ ಎಂಬ ತೈಲಚಿತ್ರದಲ್ಲಿ ಬರೆದನು. ಅದರ ಮೇಲೆ ಅವನು ನಮೂದಿಸಿದ ವರ್ಷ 1872. 1874ರಲ್ಲಿ ಅದು ಪ್ಯಾರಿಸಿನಲ್ಲಿ ಪ್ರದರ್ಶಿತವಾದಾಗ ಲೂಯಿ ಲರ್ವಾ ಎಂಬ ವಿಮರ್ಶಕನು ಆ ಹೆಸರನ್ನೇ ಹಿಡಿದು ಗೇಲಿಮಾಡಿದನು. ಗೇಲಿಯ ಮಾತೇ ಒಂದು ಕಲಾಪಂಥದ ಹೆಸರಾಗಿ ನಿಂತಿತು.

ನಸುನೀಲಿ ಮಂಜು, ಮಸುಕಾದ ಹಡಗುಗಳು, ದೂರದ ಹೊಗೆ, ಮುಂದೆ ಪುಟ್ಟ ದೋಣಿಗಳು; ಮೇಲೆ ಕಿತ್ತಳೆ ಬಣ್ಣದ ಉಜ್ಜ್ವಲ ಸೂರ್ಯ. ಆದರೆ ಇದರ ಕಪ್ಪು-ಬಿಳುಪು ಪ್ರತಿಯನ್ನು ನೋಡಿದರೆ ಸೂರ್ಯನು ಆಕಾಶದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತಾನೆ! ಸೂರ್ಯನ ಕಾಂತಿಯೂ ಸುತ್ತಣ ಆಕಾಶದ ಕಾಂತಿಯೂ ಹೆಚ್ಚುಕಡಿಮೆ ಸಮ, ಭೇದವಿರುವುದು ವರ್ಣದಲ್ಲಿ. ಅಮೆರಿಕದ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದಕ್ಕೆ ವಿವರಣೆ ನೀಡಿದ್ದಾರೆ. ವಸ್ತುವಿನ ಸ್ಥಾನ ಮತ್ತು ಚಲನೆಗಳನ್ನು ಗ್ರಹಿಸುವ ಮಿದುಳಿನ ಭಾಗವು ವರ್ಣವನ್ನು ಲೆಕ್ಕಿಸದೆ ಕಾಂತಿಯ ಭೇದವನ್ನೇ ಅವಲಂಬಿಸುತ್ತದೆ. ಅದಕ್ಕೆ ಈ ಸೂರ್ಯನು ಬಹುಮಟ್ಟಿಗೆ ಅಗೋಚರ. ವರ್ಣವನ್ನು ಗ್ರಹಿಸುವ ಭಾಗಕ್ಕೆ ಸುಸ್ಪಷ್ಟ. ಆದುದರಿಂದಲೇ ಅವನು ಒಂದೆಡೆ ನೆಲೆಸದೆ ಮಿಡಿಯುವಂತೆ ತೋರುತ್ತಾನೆ.

ಚಿತ್ರದ ಮೈಯನ್ನೂ ಗಮನಿಸಬೇಕು. ಮಂಜಿನಲ್ಲಿ ಬಣ್ಣದ ಲೇಪ ತೆಳುವಾಗಿದೆ. ನೀರಿನ ಮೇಲಣ ಪ್ರತಿಬಿಂಬದಲ್ಲಿ ಕುಂಚದ ತುಂಡುಗೆರೆಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ಹತ್ತಿರದಿಂದ ಅವು ಬರಿಯ ಬಣ್ಣ. ದೂರದಿಂದ ಅಲೆಯ ಮೇಲೆ ಕದಲುವ ಬೆಳಕು.

ಇನ್ನು ಸಂಕೇತದ ಮಾತು. 1870-71ರ ಯುದ್ಧದಲ್ಲಿ ಪ್ರಷ್ಯಾಕ್ಕೆ ಸೋತ ಫ್ರಾನ್ಸು ಮತ್ತೆ ತಲೆಯೆತ್ತಿದುದರ ಕುರುಹನ್ನು ಕೆಲವರು ಈ ಬಂದರಿನಲ್ಲಿ ಕಂಡಿದ್ದಾರೆ. ಇದು ಅಸಂಗತವೇನೂ ಅಲ್ಲ. ಆದರೆ ಇಂಥ ಅರ್ಥವನ್ನು ಯಾವ ಸೂರ್ಯೋದಯಕ್ಕಾದರೂ ಅಂಟಿಸಬಹುದಷ್ಟೆ? ಮೊನೆಯ ಸೂರ್ಯನು ವಿಜಯವನ್ನು ಸಾರುವವನಲ್ಲ. ಆಕಾಶಕ್ಕಿಂತ ಹೆಚ್ಚು ಬೆಳಗದೆ, ಇದ್ದೂ ಇಲ್ಲದಂತೆ ತುಡಿಯುವವನು. ಇಲ್ಲಿ ಸಂಕೇತವಿದ್ದರೆ ಅದು ನಿಶ್ಚಿತವಾದ ಜಯದ್ದಲ್ಲ, ಅಳುಕುವ ಆಶೆಯದು ಎಂದೇ ನಮಗೆ ತೋರುತ್ತದೆ. ಕಣ್ಣಿನ ಸಾಕ್ಷ್ಯವನ್ನು ಮೊದಲು ಕೇಳದಿದ್ದರೆ ಈ ಅಂತರ ನಮಗೆ ತಿಳಿಯುತ್ತಿರಲಿಲ್ಲ.

ವಿಜ್ಞಾನವು ಕಲೆಯ ಸೊಬಗನ್ನು ಕೆಡಿಸೀತೆಂಬ ಭಯ ಬೇಡ. ವಾಚಕರು ಈ ಚಿತ್ರದ ಎರಡು ಬಗೆಯ ಪ್ರತಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಿ. ನೋಟ ಮೊದಲು; ಅರ್ಥ ಆಮೇಲೆ.